ಭಾಯಿಜಾನ್ ನಂಬರು

ಅರವತ್ತನಾಲ್ಕೋ, ಅರವತ್ತಾರೋ, ಕರೆಂಟು ಹೋದಾಗ ಸ್ಕ್ರೀನಿನ ಮೇಲೆ ಅಪ್‌ಡೇಟ್ ಶೇಕಡಾ ಎಷ್ಟಾಗಿತ್ತು, ನಾಲ್ಕೇ ಇರಬೇಕು, ಇಲ್ಲ, ಆರು, ಅಡುಗೆಮನೆಯಲ್ಲಿ ಅಮ್ಮಿಯ ಮಿಕ್ಸಿ ತಿರುಗುತ್ತಿತ್ತು, ಮೊದಲು ಮಿಕ್ಸಿ ನಿಂತದ್ದು ಕೇಳಿಸಿತು, ಆಮೇಲೆ ಸ್ಕ್ರೀನು ಕಪ್ಪಾದದ್ದು ಕಂಡಿತು — ಎಷ್ಟಿದ್ದರೇನು, ಆದರೂ ಅದನ್ನೇ ಹುಡುಕುತ್ತಿದ್ದೇನೆ, ಅದನ್ನು ಹುಡುಕುವ ತನಕ ಇನ್ನೊಂದನ್ನು ಯೋಚಿಸಬೇಕಾಗಿಲ್ಲ. ಈಗ ಕರೆಂಟು ಬಂದಿದೆ. ಸ್ಕ್ರೀನು ನೀಲಿ, ನೀಲಿಯಲ್ಲಿ ಬಿಳಿ ಅಕ್ಷರ, ಈ ಡಿಸ್ಕಿಗೆ ಬೀಗ ಬಿದ್ದಿದೆ, ತೆರೆಯಲು ನಲವತ್ತೆಂಟು ಅಂಕಿಯ ಕೀ ಹಾಕಿ. ನನ್ನ ಅಣ್ಣ, ಭಾಯಿಜಾನ್, ಏಳು ವರ್ಷ ಬಳಸಿದ ಲ್ಯಾಪ್‌ಟಾಪು, ಅವನ ಅಂಗೈ ಊರುತ್ತಿದ್ದ ಜಾಗದಲ್ಲಿ ಬಣ್ಣ ಹೋಗಿ ಲೋಹ ಹೊಳೆಯುತ್ತಿದೆ, ಅಲ್ಲಿ ಕೈ ಇಡದೆ ಟೈಪ್ ಮಾಡುವುದು ಕಷ್ಟ, ಇಡುವುದೂ ಕಷ್ಟ. ಎದುರಿಗೆ ನೂರೀನ್ ಭಾಭಿ ಚಾಪೆಯ ಮೇಲೆ ಕೂತಿದ್ದಾರೆ, ಭಾಯಿಜಾನ್‌ನ ಹೆಂಡತಿ, ಈಗ ಹೆಂಡತಿಯಲ್ಲ, ವಿಧವೆ, ಹನ್ನೊಂದು ತಿಂಗಳಾದರೂ ಆ ಪದ ನನ್ನ ಬಾಯಿಗೆ ಬರುವುದಿಲ್ಲ, ತಲೆಗೆ ಮಾತ್ರ ಸುಲಭವಾಗಿ ಬರುತ್ತದೆ. ಏನಂತೆ ಮುದಸ್ಸಿರ್, ಹೋಗ್ಬಿಡ್ತಾ ಎಲ್ಲಾ? ಇಲ್ಲ ಭಾಭಿ, ಇರಿ, ನೋಡ್ತಿದೀನಿ. ನೋಡುತ್ತಿಲ್ಲ, ಬೆರಳು ಆಡಿಸುತ್ತಿದ್ದೇನೆ. ಬೆಳಿಗ್ಗೆ ಸ್ಕ್ರೀನಿನ ಮೂಲೆಯಲ್ಲಿ ಒಂದು ಸೂಚನೆ ಎದ್ದಿತ್ತು, ನಿಮ್ಮ ಆಪರೇಟಿಂಗ್ ಸಿಸ್ಟಮ್ ಹಳೆಯದಾಗಿದೆ, ಹೊಸದಕ್ಕೆ ಬದಲಾಯಿಸಿ, ಭಾಭಿ ನನ್ನನ್ನು ಕೂಗಿ ಕೇಳಿದರು, ಒತ್ಲಾ, ಬೇಡ್ವಾ? ನಾನು ಚಹಾ ಕುಡಿಯುತ್ತಿದ್ದೆ, ತಲೆ ಎತ್ತದೆ ಅಂದೆ, ಒತ್ತಿ ಭಾಭಿ, ಅರ್ಧ ಗಂಟೆ ಅಷ್ಟೆ. ಇದರ ಬ್ಯಾಟರಿ ಸತ್ತಿದೆಯಲ್ಲೋ, ಮಧ್ಯದಲ್ಲಿ ಕರೆಂಟ್ ಹೋದ್ರೆ? ಶನಿವಾರ ಯಾಕ್ ಹೋಗುತ್ತೆ, ಒತ್ತಿ. ಒತ್ತಿದರು.

ಒಳಗೆ ನೂರಾ ಹನ್ನೆರಡು ಪಾಠಗಳಿವೆ. ಮನೆಯಲ್ಲಿ ದಖನಿ ಉರ್ದು ಮಾತಾಡುವ ಮಕ್ಕಳಿಗೆ ಕನ್ನಡ ಕಲಿಸಲು, ಮೇಷ್ಟರಾಗಿದ್ದ ಭಾಯಿಜಾನ್ ಮೂರು ವರ್ಷ ಕೂತು ಬರೆದದ್ದು, ಚಿತ್ರಗಳು ಭಾಭಿಯವು, ಕಾಗದದ ಮೇಲೆ ಬಿಡಿಸಿ, ಫೋಟೋ ತೆಗೆದು ಒಳಗೆ ಸೇರಿಸಿದ್ದು, ಆ ಕಾಗದಗಳನ್ನು ಅಮ್ಮಿ ರಮ್ಜಾನಿಗೆ ಮನೆ ತೊಳೆಯುವಾಗ ರದ್ದಿಗೆ ಹಾಕಿದರು. ಸೋಮವಾರ ತಗೊಂಡ್ ಬನ್ನಿ ನೂರೀನ್, ಕಮಿಟಿ ಇದೆ, ಪಾಠ ನೋಡಿದ್ಮೇಲೆ ನಿಮಗೆ ಬಿ.ಎಡ್. ಇಲ್ಲ ಅಂತ ಯಾರೂ ಕೇಳಲ್ಲ ಕಣ್ರೀ, ಅಂದಿದ್ದರಂತೆ ಯಲಹಂಕದ ಸ್ಕೂಲಿನ ನಾಗಲಕ್ಷ್ಮಿ ಮೇಡಂ. ಮಂಗಳವಾರ ಚಿಂತಾಮಣಿಯಿಂದ ಭಾಭಿಯ ಅಣ್ಣ ಬರುತ್ತಾನೆ, ಕೆಲಸ ಸಿಕ್ಕಿದ್ದರೆ ಬಿರಿಯಾನಿ ಉಂಡು ಒಬ್ಬನೇ ಹೋಗುತ್ತಾನೆ, ಸಿಗದಿದ್ದರೆ ಭಾಭಿಯನ್ನೂ ಅವರ ಟ್ರಂಕನ್ನೂ ಕರೆದೊಯ್ಯುತ್ತಾನೆ, ಅಲ್ಲಿ ಅವರಿಗೆ ಬೇರೊಬ್ಬಳ ಅಡುಗೆಮನೆಯಲ್ಲಿ ಒಂದು ಮೂಲೆ, ಮುಂದೆ ಯಾರಾದರೂ ಎರಡು ಮಕ್ಕಳ ಗಂಡಸು. ಇದು ಭಾಭಿಗೆ ಗೊತ್ತು, ಅಮ್ಮಿಗೆ ಗೊತ್ತು, ನನಗೆ ಗೊತ್ತು, ಯಾರೂ ಜೋರಾಗಿ ಹೇಳುವುದಿಲ್ಲ, ಈ ಮನೆಯಲ್ಲಿ ಮುಖ್ಯವಾದದ್ದೆಲ್ಲ ಹಾಗೇ ಇರುತ್ತದೆ, ತಟ್ಟೆ ಲೋಟಗಳ ಸದ್ದಿನ ಕೆಳಗೆ.

ಆಫ್ ಮಾಡಿ ಆನ್ ಮಾಡಿದೆ, ಕೀ ಕೇಳಿತು, ಮತ್ತಿಕೆರೆಯ ಗೆಳೆಯನಿಂದ ತಂದ ಪೆನ್‌ಡ್ರೈವ್ ಚುಚ್ಚಿ ರಿಪೇರಿ ಎಂಬುದನ್ನು ಆರಿಸಿದೆ, ಅರೆಕ್ಷಣ ಚಕ್ರ ತಿರುಗಿತು, ಭಾಭಿ ಮುಂದಕ್ಕೆ ಬಾಗಿದರು, ಅದೂ ಕೀ ಕೇಳಿತು, ಹಿಂದಿನ ಸ್ಥಿತಿಗೆ ಮರಳಿ ಎಂಬುದನ್ನು ಒತ್ತಿದೆ, ಕೀ ಕೇಳಿತು. ಎಂ.ಎ. ತತ್ವಶಾಸ್ತ್ರ ಮುಗಿಸಿ ನಾಲ್ಕು ವರ್ಷವಾದ, ಎಲ್ಲೂ ನಿಲ್ಲದ, ಮನೆಯವರ ಫೋನು ರಿಪೇರಿ ಮಾಡಿಕೊಡುವುದರಿಂದಲೇ ಬುದ್ಧಿವಂತ ಎನ್ನಿಸಿಕೊಂಡಿರುವ ನಾನು ಮುಖದಲ್ಲಿ ಗಾಂಭೀರ್ಯ ತಂದುಕೊಂಡೆ. ಕೀ ಭಾಯಿಜಾನ್ ಅಕೌಂಟಿನಲ್ಲಿರುತ್ತೆ ಭಾಭಿ, ಪಾಸ್‌ವರ್ಡ್ ಬೇಕು. ನನಗೆ ಗೊತ್ತು, ಆ ಕಡೆ ತಿರುಗು. ತಿರುಗಿದೆ. ಗೋಡೆ ನೋಡುತ್ತ ಅವರ ಫೋನಿನ ಮೇಲೆ ಅವರ ಬೆರಳಿನ ಸದ್ದು ಕೇಳಿದೆ, ಹನ್ನೊಂದು ಸಲ, ಅಥವಾ ಹನ್ನೆರಡು, ನಡುವೆ ಒಂದು ಸಣ್ಣ ನಗು, ಗಂಡ ಹೆಂಡತಿ ನಡುವಿನ ಯಾವುದೋ ಪದ ಇರಬೇಕು, ನನಗೆ ಬೇಡದ ಪದ. ಹಾಕ್ದೆ, ಈಗ ಏನೋ ಓಟಿಪಿ ಕಳಿಸ್ತೀವಿ ಅಂತಿದೆ, ಕೊನೆಗೆ ನಲವತ್ತೇಳು ಇರೋ ನಂಬರಿಗೆ, ಅವರ ನಂಬರೇ ಅಲ್ವಾ. ಅವರ ಮುಖ ಬೆಳಗಿತು. ಅಲಮಾರಿಗೆ ಓಡಿದರು, ಮಡಚಿದ ಶರ್ಟುಗಳ ಅಡಿಯಿಂದ ಕರ್ಚೀಫಿನಲ್ಲಿ ಸುತ್ತಿದ ಫೋನು ತಂದರು, ಹನ್ನೊಂದು ತಿಂಗಳು ಆಫಾಗಿದ್ದ ಫೋನು, ಅದರ ಬೆಳಕು ನೋಡೋಕಾಗಲ್ಲ ಎಂದು ಅವರೇ ಆಫ್ ಮಾಡಿದ್ದು. ಚಾರ್ಜಿಗೆ ಹಾಕಿದೆವು. ಕಾದೆವು. ಹತ್ತಿತು. ಭಾಭಿ ತಮ್ಮ ಫೋನಿನಲ್ಲಿ ಓಟಿಪಿ ಕಳಿಸಿ ಎಂಬುದನ್ನು ನಾಲ್ಕು ಸಲ ಒತ್ತಿದರು, ಇದಕ್ಕೆ ಏನೂ ಬರಲಿಲ್ಲ. ಮೂಲೆಯಲ್ಲಿ ಸಿಗ್ನಲ್ಲಿನ ಕಡ್ಡಿಗಳ ಬದಲು ಒಂದು ಅಡ್ಡಗೆರೆ, ಸೇವೆ ಇಲ್ಲ. ನಾನು ತಕ್ಷಣ ಅಂದೆ, ಎಷ್ಟು ತಕ್ಷಣ ಅಂದೆ, ಸಿಮ್ ಕೆಟ್ಟಿರ್ಬೇಕು ಭಾಭಿ, ಅಷ್ಟು ದಿನ ಬಿದ್ದಿತ್ತಲ್ಲ. ಆದ್ರೆ ನೀನು ರೀಚಾರ್ಜ್ ಮಾಡಿಸ್ತಾನೇ ಇದ್ಯಲ್ಲ? ಮಾಡಿಸ್ತಾ ಇದ್ದೆ.

ಮಾಡಿಸಿರಲಿಲ್ಲ. ಒಂದು ಸಲವೂ. ಭಾಯಿಜಾನ್ ಹೆಬ್ಬಾಳದ ಬಳಿ ಬಸ್ಸಿನಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಹೋದ ಮೇಲೆ ಭಾಭಿ ಇದ್ದತ್ ಕೂತರು, ನಾಲ್ಕು ತಿಂಗಳು ಹತ್ತು ದಿನ, ಹೊಸಿಲು ದಾಟುವಂತಿಲ್ಲ, ಮೈದುನನಾದ ನನ್ನ ಮುಂದೆಯೂ ಬರುವಂತಿಲ್ಲ, ನಡುಮನೆಗೂ ಅವರ ಕೋಣೆಗೂ ನಡುವೆ ಅಮ್ಮಿ ಹಸಿರು ಪರದೆ ಕಟ್ಟಿದರು. ನಲವತ್ತನೆಯ ದಿನದ ಫಾತೆಹಾ ಆಗಿ ಜನ ಹೋದ ಮೇಲೆ ಪರದೆಯ ಹಿಂದಿನಿಂದ ಧ್ವನಿ ಬಂತು, ಮುದಸ್ಸಿರ್, ಅವರ ನಂಬರಿಗೆ ರೀಚಾರ್ಜ್ ಮಾಡಿಸ್ತೀಯಾ, ಎಲ್ಲಾ ಅದಕ್ಕೇ ಇದೆ, ಅದೊಂದು ಉಳೀಲಿ. ಆಯ್ತು ಭಾಭಿ. ಅವತ್ತು ಮರೆತೆ, ಅದು ನಿಜ, ಅಷ್ಟು ಮಾತ್ರ ನಿಜ. ತಿಂಗಳಾದ ಮೇಲೆ ಮತ್ತೆ ಧ್ವನಿ, ಮಾಡಿಸಿದ್ಯಾ? ಮಾಡಿಸ್ದೆ ಭಾಭಿ. ಬಾಯಿಂದ ಬಂದುಬಿಟ್ಟಿತು, ಬಂದ ಮೇಲೆ ಒಂದು ವಿಚಿತ್ರ ಹಿತ, ಪರದೆಯ ಆಚೆ ಒಬ್ಬರು ನನ್ನ ಮಾತಿನ ಮೇಲೆ ನಿಶ್ಚಿಂತರಾಗಿ ನಿದ್ದೆ ಹೋಗುತ್ತಾರೆ, ಆ ಮಾತಿನ ಕೆಳಗೆ ಏನೂ ಇಲ್ಲ, ಅದು ನನಗೊಬ್ಬನಿಗೇ ಗೊತ್ತು. ಮಾಡಿಸುವುದು ಎರಡು ನಿಮಿಷದ ಕೆಲಸ. ಅಷ್ಟು ಸುಲಭವಾದದ್ದರಿಂದಲೇ ಮಾಡಲಿಲ್ಲವೇನೋ. ಪ್ರತಿ ತಿಂಗಳೂ ಕೇಳಿದರು, ಪ್ರತಿ ತಿಂಗಳೂ ಥ್ಯಾಂಕ್ಸ್ ಕಣೋ ಅಂದರು, ನಾನು ಪರದೆಯ ಮಡಿಕೆಗಳನ್ನು ನೋಡುತ್ತ, ಪರದೆ ಬಿಚ್ಚಿದ ಮೇಲೆ ನೆಲ ನೋಡುತ್ತ, ಪರವಾಗಿಲ್ಲ ಭಾಭಿ ಅಂದೆ. ಬದುಕಿದ್ದಾಗ ಭಾಯಿಜಾನ್ ನನ್ನ ಹತ್ತಿರ ಏನನ್ನೂ ಕೇಳುತ್ತಿರಲಿಲ್ಲ, ನಿನ್ ಕೈಯಲ್ಲಿ ಆಗಲ್ಲ ಬಿಡು ಮಗಾ, ನಾನ್ ಮಾಡ್ತೀನಿ, ನಗುತ್ತಲೇ ಅನ್ನುತ್ತಿದ್ದ, ಅವನಿಗೆ ಕೋಪ ಬರುತ್ತಿರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು.

ಕೆಳಗೆ ಟವರ್ ಸಿಗ್ತಿಲ್ಲ, ಮೇಲೆ ಹೋಗಿ ಸಿಮ್ ಕಂಪನಿಗೆ ಫೋನ್ ಮಾಡಿ ಬರ್ತೀನಿ ಎಂದು ತಾರಸಿಗೆ ಬಂದೆ, ನನ್ನ ಫೋನ್ ಹಿಡಿದು, ಭಾಯಿಜಾನ್‌ನದ್ದನ್ನು ಭಾಭಿ ಕೈ ಬಿಡಲಿಲ್ಲ. ಸಿಂಟೆಕ್ಸ್ ಟ್ಯಾಂಕಿನ ನೆರಳಲ್ಲಿ ನಿಂತು ಆರ್.ಟಿ. ನಗರದ ಮನೆಗಳ ಒಣಗಿದ ಬಟ್ಟೆಗಳನ್ನು ನೋಡಿದೆ, ಕಂಪನಿಗೆ ಮಾಡಲಿಲ್ಲ, ಭಾಯಿಜಾನ್ ನಂಬರಿಗೇ ಮಾಡಿದೆ, ಯಾಕೆಂದು ಗೊತ್ತಿಲ್ಲ, ಈ ನಂಬರ್ ಚಾಲ್ತಿಯಲ್ಲಿಲ್ಲ ಎಂಬ ಹೆಣ್ಣುಧ್ವನಿ ಕೇಳಿ ಮುಗಿಸೋಣ ಅಂತಲೋ ಏನೋ. ರಿಂಗಾಯಿತು. ಅಲೋ, ಯಾರ್ರೀ? ಭಾಯಿಜಾನ್ ಹೆಸರು ಹೇಳಿದೆ. ಇದು ಅರ್ಬಾಜ್ ಅವರ ನಂಬರ್... ಓ, ನೀವೂ ಅವ್ರನ್ನೇ ಕೇಳ್ತೀರಾ, ಅಲ್ಲ ಸಾ, ನಾನು ಬೈರಣ್ಣ ಅಂತ, ಗೊರಗುಂಟೆಪಾಳ್ಯದಾಗೆ ಗೂಡ್ಸ್ ಆಟೋ ಓಡುಸ್ತೀನಿ, ಈ ಸಿಮ್ ತಗಂಡು ಮೂರ್ ತಿಂಗ್ಳಾತು, ಕಂಪ್ನಿಯೋರು ಈ ನಂಬ್ರೇ ಕೊಟ್ರು, ದಿನಾ ಮಕ್ಳು ಫೋನ್ ಮಾಡ್ತಾವೆ ಸಾ, ಸಾರ್ ಇದಾರಾ, ಅರ್ಬಾಜ್ ಸಾರ್ ಇದಾರಾ ಅಂತ, ಒಂದ್ ಮಗೀಗಂತೂ ನಾನೇ ಮಗ್ಗಿ ಏಳ್ಕೊಟ್ಟೆ, ಯಾರ್ ಸಾ ಅವ್ರು? ನನ್ನ ಅಣ್ಣ. ಚೆನ್ನಾಗವ್ರಾ? ನಾನು ಟ್ಯಾಂಕಿನಿಂದ ತೊಟ್ಟಿಕ್ಕುವ ನೀರು ನೋಡಿದೆ. ಇದಾರೆ. ಅಂಗಾದ್ರೆ ಒಸಿ ಇರಿ ಸಾ, ಈಗ ನಾಕ್ ಸಲಿ ಓಟಿಪಿ ಬಂತು, ಅವ್ರುದೇ ಇರ್ಬೇಕು, ಓಟಿಪಿ ಯಾರ್ಗೂ ಏಳ್ಬಾರ್ದು ಅಂತಾರೆ, ಆದ್ರೆ ನಂದಲ್ದಿದ್ದು ನಾನ್ ಇಟ್ಕಂಡು ಏನ್ ಉಪ್ಪಿನ್ಕಾಯಿ ಆಕ್ಲಾ, ಬರ್ಕಳಿ, ಕೊನೇದು ಏಳ್ತೀನಿ, ಆರು, ಮೂರು, ಇನ್ನೊಂದ್ ಮೂರು, ಎಂಟು, ಸೊನ್ನೆ, ಒಂದು. ಆತಾ? ಬರ್ಕೊಂಡೆ ಅಂದೆ. ಬರೆದುಕೊಂಡಿರಲಿಲ್ಲ, ಬರೆದುಕೊಳ್ಳಬೇಕಾಗಿಯೂ ಇರಲಿಲ್ಲ. ನಿಮ್ಮಣ್ಣಂಗೆ ಏಳಿ ಸಾ, ಮಕ್ಳು ಕೇಳ್ತಾವೆ ಅಂತ. ಏಳ್ತೀನಿ ಅಂದೆ, ಅವನ ಮಾತೇ ನನ್ನ ಬಾಯಿಗೆ ಬಂತು.

ಹತ್ತು ನಿಮಿಷ ಅದರ ಆಯಸ್ಸು. ಮೆಟ್ಟಿಲು ಇಳಿಯುವಾಗಲೇ ಸುಳ್ಳುಗಳು ಸಿದ್ಧವಾದವು, ಕಂಪನಿಯವರೇ ಕೊಟ್ಟರು ಎನ್ನಬಹುದು, ಮೆಸೇಜು ನನ್ನ ಫೋನಿಗೆ ಬಂತು ಎನ್ನಬಹುದು, ಗೆಳೆಯನೊಬ್ಬ ಉಪಾಯ ಹೇಳಿಕೊಟ್ಟ ಎನ್ನಬಹುದು, ಭಾಭಿ ಯಾವುದನ್ನು ಬೇಕಾದರೂ ನಂಬುತ್ತಾರೆ, ನನ್ನನ್ನು ನಂಬಿ ಅವರಿಗೆ ಅಭ್ಯಾಸವಾಗಿದೆ. ಹೆದರಿಕೆ ಅಲ್ಲ ಹಾಗಾದರೆ. ಸಿಕ್ಕಿಬೀಳುವ ಭಯವಾಗಿದ್ದರೆ ನನ್ನನ್ನು ನಾನು ಸ್ವಲ್ಪ ಕ್ಷಮಿಸಬಹುದಿತ್ತು. ಬಾಗಿಲಲ್ಲಿ ನಿಂತೆ. ಭಾಭಿ ಎಡಗೈಯಲ್ಲಿ ಭಾಯಿಜಾನ್ ಫೋನು, ಬಲಗೈಯಲ್ಲಿ ತಮ್ಮದು ಹಿಡಿದಿದ್ದರು, ತಮ್ಮದರಲ್ಲಿ ಆರು ಖಾಲಿ ಚೌಕಗಳು. ಏನಂದ್ರು? ನನಗೆ ಆಗ ಹದಿನಾಲ್ಕನೆಯ ಪಾಠ ಕಂಡಿತು, ಅಣ್ಣ ಕೆಲಸಕ್ಕೆ ಹೋಗುತ್ತಾನೆ, ತಮ್ಮ ಇನ್ನೂ ಮಲಗಿದ್ದಾನೆ, ಕೆಳಗೆ ಭಾಭಿ ಬಿಡಿಸಿದ ಚಿತ್ರ, ಕನ್ನಡಕ ಹಾಕಿಕೊಂಡೇ ಬಾಯಿ ತೆರೆದು ಮಲಗಿದ ಹುಡುಗ, ತಲೆದಿಂಬಿನ ಪಕ್ಕ ದಪ್ಪ ಪುಸ್ತಕ. ನೀನೇ ಮಾಡೆಲ್ ಕಣೋ, ಫೀಸ್ ಕೇಳ್ಬೇಡ, ಎಂದು ಭಾಯಿಜಾನ್ ನಕ್ಕ, ಭಾಭಿ ದುಪಟ್ಟಾ ಬಾಯಿಗೆ ಹಿಡಿದು ನಕ್ಕರು, ಅಮ್ಮಿಗೂ ತೋರಿಸಿದರು, ಅಮ್ಮಿಯೂ ನಕ್ಕರು, ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಅವನ ತರಗತಿಯ ಮಕ್ಕಳು ಅದನ್ನು ರಾಗವಾಗಿ ಓದುತ್ತಿದ್ದರಂತೆ, ತಮ್ಮ ಇನ್ನೂ ಮಲಗಿದ್ದಾನೆ, ತಮ್ಮ ಇನ್ನೂ ಮಲಗಿದ್ದಾನೆ. ಸೋಮವಾರದ ಆಚೆ ಯಲಹಂಕದಲ್ಲಿ ಇನ್ನಷ್ಟು ಮಕ್ಕಳು ಓದುತ್ತಾರೆ. ಒಂದು ಚಿತ್ರ. ನೂರಾ ಹನ್ನೆರಡರಲ್ಲಿ ಒಂದು. ಇಷ್ಟಕ್ಕೆ ಯಾರಾದರೂ — ಏನೂ ಆಗಲಿಲ್ಲ ಭಾಭಿ, ಅವರ ಕೈಯಲ್ಲೂ ಇಲ್ವಂತೆ.

ಅಮ್ಮಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು, ಕ್ಯಾ ಹುವಾ ರೇ, ಹೋಯ್ತಾ? ನನ್ನನ್ನು ನೋಡಿದರು, ಭಾಭಿಯನ್ನು ನೋಡಿದರು, ಒತ್ತಿದ್ದು ನೀನೇ ಅಲ್ವಾ ಬೇಟಿ, ಗೊತ್ತಿಲ್ದಿದ್ದನ್ನ ಯಾಕೆ ಮುಟ್ತೀಯ, ನನ್ನ ಮಗ ಕಣ್ಣು ಕಳ್ಕೊಂಡು ಬರೆದಿದ್ದ. ಭಾಭಿ ಹೂಂ ಅಂದರು, ನಾನೇ ಒತ್ತಿದ್ದು ಅಮ್ಮಿ. ನನ್ನ ಕಡೆ ತಿರುಗಲಿಲ್ಲ, ಒತ್ತಿ ಎಂದವನು ಇವನು ಎನ್ನಲಿಲ್ಲ, ಅದು ಅವರಿಗೆ ಹೊಳೆಯಲೇ ಇಲ್ಲ ಎಂದು ಕಾಣುತ್ತದೆ, ಅಷ್ಟು ಒಳ್ಳೆಯವರನ್ನು ನೋಡಿದರೆ ನನಗೆ ಒಳಗೊಳಗೇ ಸಿಟ್ಟು ಬರುತ್ತದೆ. ಇನ್ನೊಂದ್ ಸಲ ಕಳಿಸ್ಲಾ ಮುದಸ್ಸಿರ್, ಬಂದ್ರೂ ಬರಬಹುದು? ಎಷ್ಟು ಸಲ ಕಳಿಸಿದ್ರೂ ಅಷ್ಟೇ ಭಾಭಿ, ಬಿಡಿ. ಹಾಗಾದ್ರೆ? ಎಲ್ಲ ಅಳಿಸಿ ಹೊಸದಾಗಿ ಹಾಕ್ಬೇಕು, ಲ್ಯಾಪ್‌ಟಾಪ್ ಆದ್ರೂ ಉಳಿಯುತ್ತೆ. ಬೀದಿಯಲ್ಲಿ ಹಳೇ ಪಾತ್ರೆಯವನು ಕೂಗುತ್ತ ಹೋದ, ಆಮೇಲೆ ಭಾಭಿಯೇ ಅಂದರು, ನೀನೇ ಒತ್ತು, ನಾನು ಇನ್ನು ಏನೂ ಮುಟ್ಟಲ್ಲ. ಒತ್ತಿದೆ. ಖಚಿತವೇ ಎಂದು ಕೇಳಿತು, ಹೌದು ಒತ್ತಿದೆ. ಭಾಭಿ ಎದ್ದರು, ಭಾಯಿಜಾನ್ ಫೋನಿನ ಮೇಲೆ ಕರ್ಚೀಫು ಸುತ್ತತೊಡಗಿದರು, ಒಂದು ಮಡಿಕೆ, ಇನ್ನೊಂದು ಮಡಿಕೆ, ತುಂಬ ಕಷ್ಟಪಟ್ಟೆ ಕಣೋ ನೀನು, ಬೆಳಿಗ್ಗೆಯಿಂದ ಊಟಾನೂ ಮಾಡಿಲ್ಲ, ಬಾ, ಬಡಿಸ್ತೀನಿ, ಅಂದರು, ನಾನು ಬಂದೆ ಅಂದೆ, ಏಳಲಿಲ್ಲ, ಆರು, ಮೂರು, ಇನ್ನೊಂದ್ ಮೂರು, ಅವನು ಒಂದೊಂದಾಗಿ ನಿಧಾನವಾಗಿ ಹೇಳಿದ್ದ, ಬರೆದುಕೊಳ್ಳುವವನಿಗೆ ತಪ್ಪಬಾರದೆಂದು, ಎಂಟು, ಇನ್ನೂ ನಾಲ್ಕು ನಿಮಿಷ ಇದ್ದಿರಬೇಕು ಆಗ, ಮೂರಾದರೂ, ಸೊನ್ನೆ, ಒಂದು, ಆತಾ, ಆರು, ಮೂರು, ಇನ್ನೊಂದ್ ಮೂರು, ಎಂಟು, ಸೊನ್ನೆ, ಒಂದು.

ಅದನ್ನು ನಾನು ಭಾಭಿಗೆ ಹೇಳಲಿಲ್ಲ.