ಎರಡು ಬೆರಳು ಬಟ್ಟೆ

ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ನನಗೂ ಮಗಳಿಗೂ ಒಂದೇ ದಿನ ಆಯಿತು. ಅವಳಿಗೆ ಮೂವತ್ತೊಂದು, ನನಗೆ ಅರವತ್ತೆರಡು. ವರ್ಷದೊಳಗೆ ಅವಳು ನಲವತ್ತೈದು ಕಿಲೋ ಇಳಿದಳು. ನಾನು ಇಪ್ಪತ್ತೆಂಟಕ್ಕೇ ನಿಂತೆ.

"ಈ ವಯಸ್ಸಿಗೆ ಇದೇ ಜಾಸ್ತಿ ಅಮ್ಮ. ಸಕ್ಕರೆ ಕಾಯಿಲೆ ಮಾತ್ರೆಗಳೂ ನಿಂತವಲ್ಲ," ಎಂದರು ಡಾಕ್ಟರು. ಹೊಟ್ಟೆ ಚಿಕ್ಕದಾದರೂ ನನ್ನ ಹೊಟ್ಟೆಕಿಚ್ಚು ಮಾತ್ರ ಹಾಗೇ ಉಳಿಯಿತು.

ಇಂದು ಮಧ್ಯಾಹ್ನ ಮಗಳ ಹೊಸ ಅಂಗಿ ಮುಗಿಸಿ ನನ್ನದನ್ನು ಹೊಲಿಯುತ್ತಿದ್ದೆ. ಕಿಟಕಿಯ ಬಿಸಿಲಿನಲ್ಲಿ ನೂಲಿನ ಎಳೆಗಳು ತೇಲುತ್ತಿದ್ದವು. ಮೆಷಿನ್ನಿನ ಸದ್ದಿಗೆ ಕಣ್ಣು ಮಂಪರಾಗಿ, ಕುರ್ಚಿ ಬಿಟ್ಟು ನಾನೂ ಅವುಗಳ ಜೊತೆ ಮೇಲೇಳುತ್ತಿದ್ದೇನೆ ಅನಿಸಿತು. ಅಷ್ಟರಲ್ಲಿ ಮಗಳು ಬಂದು ನನ್ನ ಅಂಗಿಯ ಒಳಮಗ್ಗುಲು ತಿರುವಿ ನೋಡಿದಳು.

"ಇದೇನಮ್ಮ, ಎರಡು ಬೆರಳು ಬಟ್ಟೆ ಒಳಗೇ ಬಿಟ್ಟಿದೀಯ?"

"ಮತ್ತೆ ದಪ್ಪ ಆದ್ರೆ ಬಿಚ್ಚಿ ಅಗಲ ಮಾಡೋಕೆ. ದರ್ಜಿ ಕೈ ಕಣೆ, ಸುಮ್ನಿರಲ್ಲ."

"ನನ್ನದ್ರಲ್ಲಿ?"

"ನಿನಗ್ಯಾಕೆ? ವಯಸ್ಸು ನಿನ್ನ ಕಡೆಗಿದೆ."

ಅವಳು ತನ್ನ ಹೊಸ ಅಂಗಿಯನ್ನು ಮೈಗೆ ಹಿಡಿದು ನೋಡಿದಳು.

"ಮುಂದಿನ ಸಲ ನಂದಕ್ಕೂ ಬಿಡಮ್ಮ. ನಾನು ಇನ್ನೂ ನಲವತ್ತು ವರ್ಷ ಹೀಗೇ ಸಣ್ಣಗೆ ಉಳೀಬೇಕಲ್ಲ."