ಒಡಹುಟ್ಟಿದವಳ ಕಲ್ಲು

ಬಾರ್ಬ್ರೆ ಕಾನೆಮಾರಾದ ಕಡಲತೀರದ ಶಾಲೆಯಲ್ಲಿ ಐರಿಷ್ ಕಲಿಸುತ್ತಿದ್ದಳು. ಅವಳ ತಂಗಿ ನಾಬ್ಲಾ ಮದುವೆಗೆ ಮೊದಲೇ ಬಸುರಾದಾಗ ಅಪ್ಪ ಅವಳನ್ನು ಪಟ್ಟಣದ ಕಾನ್ವೆಂಟಿನಲ್ಲಿ ಸನ್ಯಾಸಿನಿಯರು ಇಂಥ ಹುಡುಗಿಯರನ್ನು ದುಡಿಸುತ್ತಿದ್ದ ಲಾಂಡ್ರಿಗೆ ತಳ್ಳಿ ಬಂದಿದ್ದ. ಕೂಸು ಉಳಿಯಲಿಲ್ಲ. ನಾಬ್ಲಾ ಅಲ್ಲಿಯೇ ಬಟ್ಟೆ ಒಗೆಯುತ್ತ ವರ್ಷಗಳನ್ನು ಸವೆಸಿ, ಒಂದು ಚಳಿಗಾಲ ಎದೆಯಲ್ಲಿ ಕಫ ಕಟ್ಟಿ ಸತ್ತಳು. ಊರ ಪಾದ್ರಿ ಬಂದು ಸುದ್ದಿ ಹೇಳುವಷ್ಟರಲ್ಲಿ ಮಣ್ಣು ಮಾಡಿಯೂ ಆಗಿತ್ತು.

ಬಾರ್ಬ್ರೆ ಬಸ್ಸು ಹಿಡಿದು ಹೋದಳು. ಗೋರಿಯ ಮೇಲೆ ಹೆಸರೇ ಇರಲಿಲ್ಲ.

“ಇಲ್ಲಿ ಅವಳನ್ನ ಬರ್ನಡೆಟ್ ಅಂತಿದ್ವಿ,” ಎಂದರು ಮಠದ ಹಿರಿಯ ಮದರ್. “ಅಳಬೇಡಮ್ಮ. ಅಕ್ಕತಂಗೀರ ಮಧ್ಯೆನೇ ಮಲಗಿದಾಳೆ.”

ಆ ಮಾತು ಬಾರ್ಬ್ರೆಯನ್ನು ಚುಚ್ಚಿತು. “ಅಕ್ಕತಂಗೀರಾ? ನಮ್ಮ ಭಾಷೇಲಿ ಒಡಹುಟ್ಟಿದವಳಿಗೆ ಮೊದಲು ‘ಶೂರ್’ ಅಂತಿದ್ರು, ಮದರ್. ಆ ಹೆಸರನ್ನ ನಿಮ್ಮ ಸಿಸ್ಟರ್‌ಗಳಿಗೆ ಅಂತ ಮಠದವರು ತಗೊಂಡ್ರಿ. ಮನೆಯವರು ಮುಂದೆ ‘ನಿಜವಾದ’ ಅಂತ ಸೇರಿಸಿ ‘ದೆರ್‌ಫೂರ್’ ಅನ್ನಬೇಕಾಯ್ತು. ಆ ನಿಜವಾದವಳು ನಾನು. ಅವಳನ್ನ ನನಗೆ ಕೊಡಿ, ಊರಿನ ಮಣ್ಣಿಗೆ ಒಯ್ತೀನಿ.”

“ವ್ಯಾಕರಣ ಹೇಳಿದ್ರೆ ಸತ್ತವರು ಎದ್ದು ಬರ್ತಾರಾ, ಟೀಚರಮ್ಮ?” ಎಂದು ಆಕೆ ಗೇಟು ಮುಚ್ಚಿಸಿದರು.

ಊರಿಗೆ ಮರಳಿದವಳೇ ಕಲ್ಲುಕುಟಿಗ ಕೋಲೀನನ ಬಳಿ ಹೋದಳು. “‘ನನ್ನ ತಂಗಿಯ ನೆನಪಿಗೆ’ ಅಂತ ಕೆತ್ತು. ಕೆಳಗೆ ನಾಬ್ಲಾ ಅಂತಿರಲಿ.”

ಅವನು ಸೀಮೆಸುಣ್ಣದಲ್ಲಿ ‘ದೆರ್‌ಫೂರ್’ ಎಂದು ಗೀಚಿದ.

“ಹಾಗಲ್ಲ ಕೋಲೀನ್. ‘ತಂಗಿಯ’ ಅನ್ನುವಾಗ ಕೊನೆ ‘ಫೇರ್’ ಆಗುತ್ತೆ. ‘ನನ್ನ’ ಅಂತ ಮುಂದೆ ಬಂದ್ರೆ ಮೊದಲಕ್ಷರಾನೂ ಮೆತ್ತಗಾಗುತ್ತೆ. ‘ಮೊ ಯೆರ್‌ಫೇರ್’.”

“ಅಯ್ಯೋ ಪಾಪ, ಈ ಪದ ಎರಡೂ ಕಡೆ ಪೆಟ್ಟು ತಿನ್ನುತ್ತಲ್ಲ!” ಎಂದು ನಕ್ಕವನು ಅವಳ ಮುಖ ನೋಡಿ ಉಳಿ ಎತ್ತಿಕೊಂಡ.

ಕಲ್ಲು ತಂದ ದಿನ ಅಪ್ಪ ಸ್ಮಶಾನದ ಬಾಗಿಲಲ್ಲೇ ಕತ್ತೆಗಾಡಿಯನ್ನು ತಡೆದ. “ನಿಮ್ಮಮ್ಮನ ಗೋರಿ ಹತ್ರ ಆ ಹೆಸರು ಬರಕೂಡದು. ಊರವರು ಏನಂತಾರೆ?”

ಪಕ್ಕದಲ್ಲಿದ್ದ ಪಾದ್ರಿಯೂ ಹೌದೆಂದು ತಲೆಯಾಡಿಸಿದರು.

ಬಾರ್ಬ್ರೆ ಗಾಡಿಯನ್ನು ಕಡಲಂಚಿಗೆ ತಿರುಗಿಸಿದಳು. ದೀಕ್ಷಾಸ್ನಾನವಾಗದೆ ಸತ್ತು ಚರ್ಚಿನ ಸ್ಮಶಾನಕ್ಕೆ ಸಲ್ಲದ ಕೂಸುಗಳನ್ನು ಊರವರು ಗುಟ್ಟಾಗಿ ಹೂಳುತ್ತಿದ್ದ ಜಾಗವದು. ಹೆಸರಿಲ್ಲದ ಗುಂಡುಕಲ್ಲುಗಳ ನಡುವೆ ಅವಳೂ ಕೋಲೀನನೂ ಸೇರಿ ಕಲ್ಲು ನಿಲ್ಲಿಸಿದರು. ಹಿಂದೆಯೇ ಬಂದಿದ್ದ ಅಪ್ಪ ನಿಂತು ಓದಿದ.

“ಮಗಳು ಅನ್ನೋ ಮಾತು ಎಲ್ಲೂ ಇಲ್ವಲ್ಲ,” ಎಂದ ಮೆಲ್ಲಗೆ.

“ಅದನ್ನ ಕೆತ್ತಿಸಬೇಕಾದೋನು ನೀನಾಗಿದ್ದೆ, ಅಪ್ಪ.”

ಶಾಲೆ ಪಾದ್ರಿಯ ಕೈಕೆಳಗಿತ್ತು. ಆ ವಾರವೇ ಬಾರ್ಬ್ರೆಯ ಕೆಲಸ ಹೋಯಿತು. ಕೆಲಸ ಹುಡುಕಿಕೊಂಡು ಅವಳು ಇಂಗ್ಲೆಂಡಿಗೆ ಹೊರಟ ದಿನ ಅಪ್ಪ ಅವಳ ಪೆಟ್ಟಿಗೆಯನ್ನು ಬಸ್ಸಿನವರೆಗೂ ಹೊತ್ತು ತಂದ.