ಪಿನ್ನು ಹೊಡೆದ ಎಂಟು ಹಾಳೆಗಳು

ಮೈಸೂರಿನ ಒಂದು ಬೈಂಡಿಂಗ್ ಅಂಗಡಿಯಲ್ಲಿ, ಬೇರೆ ಬೇರೆ ಕೆಲಸಗಳಲ್ಲಿ ಮಿಕ್ಕಿದ ಬಿಳಿ ಹಾಳೆಗಳನ್ನು ಒಟ್ಟು ಮಾಡಿ, ದಾರದಲ್ಲಿ ಹೊಲಿದು, ಮೈದಾ ಅಂಟು ಸವರಿ, ಕೆಂಪು ಬಟ್ಟೆಯ ಬೆನ್ನು ಕೊಟ್ಟು ನನ್ನನ್ನು ಮಾಡಿದರು. ಉಳಿಕೆಯಿಂದ ಹುಟ್ಟಿದ ನೋಟ್‌ಬುಕ್ಕು ನಾನು. ಅದಕ್ಕೇ ನನ್ನ ಕೆಲವು ಹಾಳೆ ದಪ್ಪ, ಕೆಲವು ತೆಳು. ಬೈಂಡರ್ ನನ್ನನ್ನು ಎರಡು ದಿನ ಕಲ್ಲಿನ ಕೆಳಗಿಟ್ಟು ಒತ್ತಿ, "ಗಟ್ಟಿ ಮಾಡಿದೀನಿ ಕಣವ್ವ, ನಿನ್ನ ಮಕ್ಕಳ ಕಾಲಕ್ಕೂ ಬರುತ್ತೆ" ಎಂದು ಒಬ್ಬ ಹುಡುಗಿಯ ಕೈಗಿತ್ತ. ಮಕ್ಕಳ ಮಾತು ಹಾಗಿರಲಿ, ಆ ಹುಡುಗಿ ಮದುವೆಯೇ ಆಗಲಿಲ್ಲ. ನಾನು ಗಟ್ಟಿಯಾಗಿ ಉಳಿದದ್ದು ಮಾತ್ರ ನಿಜ.

ಅವಳ ಹೆಸರು ಕುಮುದಿನಿ. ಸಂಜೆ ಹೊತ್ತು ಫ್ರೆಂಚ್ ಕಲಿಯುತ್ತಿದ್ದಳು. ಅವಳ ಮೇಷ್ಟರ ಹತ್ತಿರ ಕ್ರಿಯಾಪದಗಳ ಪುಸ್ತಕ ಇದ್ದದ್ದು ಒಂದೇ. ಅದನ್ನು ಅವರು ಮನೆಗೆ ಕೊಡುತ್ತಿರಲಿಲ್ಲ. "ಇಲ್ಲೇ ಕೂತು ಬರ್ಕೋ" ಅಂದರು. ಅವಳು ಎರಡು ತಿಂಗಳು ಕೂತು ಬರೆದಳು. ಪದ ನೀಲಿ ಶಾಯಿಯಲ್ಲಿ, ಪದದ ಕೊನೆಯಲ್ಲಿ ಬದಲಾಗುವ ಬಾಲ ಕೆಂಪು ಶಾಯಿಯಲ್ಲಿ. ನಾನು, ನೀನು, ಅವನು, ನಾವು, ನೀವು, ಅವರು ಎಂದು ಒಂದೊಂದು ಕ್ರಿಯಾಪದಕ್ಕೂ ಆರಾರು ರೂಪ.

ನನಗೆ ಫ್ರೆಂಚ್ ಬರುವುದಿಲ್ಲ. ಮೈಮೇಲೆ ಬರೆಸಿಕೊಂಡವರಿಗೆಲ್ಲ ವಿದ್ಯೆ ಬರುವುದಾದರೆ ಕರಿಹಲಗೆಯೇ ಎಲ್ಲರಿಗಿಂತ ದೊಡ್ಡ ಪಂಡಿತ ಆಗಬೇಕಿತ್ತು. ಕೇಳಿ ಕೇಳಿ ತಿಳಿದದ್ದು ಇಷ್ಟು: ಆ ಭಾಷೆಯಲ್ಲಿ ಬಾಯಿಮಾತಿಗೆ ಒಂದು ಭೂತಕಾಲ, ಪುಸ್ತಕದಲ್ಲಿ ಕತೆ ಹೇಳುವುದಕ್ಕೆ ಇನ್ನೊಂದು. ಈ ಎರಡನೆಯದನ್ನು ಸಂತೆಯಲ್ಲಿ, ಮನೆಯಲ್ಲಿ ಯಾರೂ ಆಡುವುದಿಲ್ಲವಂತೆ. ಆದರೆ ಅದು ಬಾರದವರಿಗೆ ಹಳೆಯ ಕತೆ ಪುಸ್ತಕ ಒಂದೂ ದಕ್ಕುವುದಿಲ್ಲವಂತೆ. ಕುಮುದಿನಿ ಅದನ್ನು ಬರೆಯಲೆಂದೇ ನನ್ನ ನಡುವಿನ ಎಂಟು ದಪ್ಪ ಹಾಳೆ ಆರಿಸಿಕೊಂಡಳು.

ಕಲಿತವಳು ಕಲಿಸುವವರಾದರು. ಹೆಣ್ಣುಮಕ್ಕಳ ಪಿಯು ಕಾಲೇಜೊಂದರಲ್ಲಿ ಅವರು ಕುಮುದಿನಿ ಮಿಸ್. ಮೊದಲ ವರ್ಷವೇ ಆ ಎಂಟು ಹಾಳೆ ತೆರೆದು, "ಕತೆಗಳೆಲ್ಲ ಇರೋದು ಈ ಕಾಲದಲ್ಲೇ ಕಣ್ರೇ. ಇದು ಬಂದ್ರೆ ಎಲ್ಲಾ ಕೂತು ಒಂದು ಕಾದಂಬರೀನ ಮೊದಲಿಂದ ಕೊನೇತನಕ ಓದೋಣ" ಅಂದರು. ಅದು ಅವರ ಜೀವದ ಆಸೆ. ಆಮೇಲೆ 'ಇರು' ಎನ್ನುವ ಕ್ರಿಯಾಪದಕ್ಕೆ ಆ ಕಾಲದಲ್ಲಿರುವ ಆರು ರೂಪವನ್ನು ಮಗ್ಗಿಯ ಹಾಗೆ ಹೇಳಿಸಿದರು: ಫ್ಯು, ಫ್ಯು, ಫ್ಯು, ಫ್ಯೂಮ್, ಫ್ಯೂತ್, ಫ್ಯೂರ್.

"ಮಿಸ್, ಇದೇನು ಹಸಿ ಸೌದೆ ಒಲೆ ಊದ್ದಂಗಿದೆ!" ಅಂದಳು ಒಬ್ಬಳು. ತರಗತಿಯೆಲ್ಲ ನಕ್ಕಿತು, ಮಿಸ್ ಕೂಡ ನಕ್ಕರು.

"ಎಷ್ಟು ಮಾರ್ಕ್ಸಿಗೆ ಬರುತ್ತೆ ಮಿಸ್?" ಅಂದಳು ಇನ್ನೊಬ್ಬಳು.

"ನಾಲ್ಕು."

"ಹಂಗಾದ್ರೆ ಚಾಯ್ಸಲ್ಲಿ ಬಿಟ್ಬಿಡೋಣ ಬಿಡಿ."

ಚಾಯ್ಸಲ್ಲಿ ಬಿಡುವುದು ನಮ್ಮ ಕಾಲೇಜುಗಳ ಒಂದು ದೊಡ್ಡ ಶಾಸ್ತ್ರ. ಆರು ಪ್ರಶ್ನೆಯಲ್ಲಿ ಐದಕ್ಕೆ ಬರೆದರೆ ಸಾಕು ಅಂದಮೇಲೆ, ಒಂದು ಪಾಠವನ್ನು ಕಣ್ಣೆತ್ತಿಯೂ ನೋಡದೆ ಪಾಸಾಗಬಹುದು. ಹುಡುಗಿಯರು ಫ್ರೆಂಚ್ ತೆಗೆದುಕೊಳ್ಳುತ್ತಿದ್ದದ್ದೇ ಮಾರ್ಕ್ಸು ಸುಲಭ ಅಂತ. ಎರಡು ವರ್ಷ ಮಿಸ್ ಹಟ ಹಿಡಿದರು. ಮೂರನೆಯ ವರ್ಷ ಕೆಲವರು ಎರಡು ಭೂತಕಾಲವನ್ನೂ ಕಲಸಿ ಬರೆದು ಮಾರ್ಕ್ಸು ಕಳೆದುಕೊಂಡರು. "ಬೇಡದ್ದನ್ನ ಯಾಕ್ರೀ ತುಂಬ್ತೀರಾ? ರಿಸಲ್ಟ್ ನೋಡಿ" ಎಂದು ಪ್ರಿನ್ಸಿಪಾಲರು ಎಲ್ಲರೆದುರು ಅಂದರು. ಆ ಜುಲೈಯಲ್ಲಿ, ಹುಡುಗಿಯರಿಗೆ ನೋಟ್ಸ್ ತೆಗೆಸಲು ನನ್ನನ್ನು ಜೆರಾಕ್ಸಿಗೆ ಕಳಿಸುವ ಮುಂಚೆ, ಮಿಸ್ ಆ ಎಂಟು ಹಾಳೆಗಳನ್ನು ಒಟ್ಟಿಗೆ ಹಿಡಿದು, ಯಾರೂ ತೆರೆಯದ ಹಾಗೆ ಅಂಚಿಗೆ ಮೂರು ಪಿನ್ನು ಹೊಡೆದರು. ನನಗೆ ನೋವೇನೂ ಆಗಲಿಲ್ಲ. ಅವರು ಮಾತ್ರ ಪಿನ್ನು ಹೊಡೆದ ಜಾಗವನ್ನು ಎರಡು ಸಲ ಸವರಿದರು.

ಅಲ್ಲಿಂದ ಹನ್ನೊಂದು ವರ್ಷ ರಿಸಲ್ಟ್ ನೂರಕ್ಕೆ ನೂರು.

ಹನ್ನೆರಡನೆಯ ವರ್ಷ ಚೆಲುವಾಂಬೆ ಬಂದಳು. ಬಸ್ ಕಂಡಕ್ಟರ್ ಮಗಳು. ಸಂಸ್ಕೃತದ ಸೀಟು ತುಂಬಿತ್ತು ಅಂತ ಫ್ರೆಂಚಿಗೆ ಬಂದವಳು. ನನ್ನನ್ನು ಜೆರಾಕ್ಸ್ ಅಂಗಡಿಗೆ ಒಯ್ಯುವ ಕೆಲಸ ಅವಳ ಪಾಲಿಗೆ ಬಿತ್ತು. ಹುಡುಗಿ ಪಿನ್ನು ಹೊಡೆದ ಹಾಳೆಗಳನ್ನು ಕೊಳವೆಯ ಹಾಗೆ ಉಬ್ಬಿಸಿ, ಒಳಗೆ ಇಣುಕಿ, ಬೀದಿಯಲ್ಲಿ ನಿಂತೇ ಅರ್ಧ ಸಾಲು ಓದಿದಳು. ಅಂಥ ಕಣ್ಣು ಹನ್ನೊಂದು ವರ್ಷದಲ್ಲಿ ನಾನು ಕಂಡಿರಲಿಲ್ಲ.

ಮಾರನೆಯ ದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಕೈಯಲ್ಲಿ ಹಳೇ ಪುಸ್ತಕದ ರಾಶಿಯಿಂದ ಆರಿಸಿ ತಂದ ಫ್ರೆಂಚ್ ಕಾದಂಬರಿ. ಅದಕ್ಕೆ ರಟ್ಟೇ ಇರಲಿಲ್ಲ.

"ಮಿಸ್, ಮೊದಲನೇ ಪುಟದಲ್ಲಿ ಒಬ್ಬ ಹೆಂಗಸಿದ್ದಾಳೆ, ಒಂದು ಬುಟ್ಟಿ ಇದೆ, ಬುಟ್ಟೀಲಿ ಕೋಳಿ ಇದೆ. ಇಷ್ಟೆಲ್ಲಾ ತಿಳಿಯುತ್ತೆ. ಆದ್ರೆ ಅವಳು ಏನು ಮಾಡಿದ್ಲು ಅಂತ್ಲೇ ತಿಳೀತಿಲ್ಲ. ಅದು ಆ ಪಿನ್ನು ಹೊಡೆದಿರೋ ಹಾಳೇಲಿದೆ, ಅಲ್ವಾ?"

ಮಿಸ್ ಪುಸ್ತಕ ತೆಗೆದುಕೊಂಡು ಮೊದಲ ಸಾಲಿನ ಮೇಲೆ ಬೆರಳಿಟ್ಟರು. ನಾನು ಮೇಜಿನ ಮೇಲೇ ಇದ್ದೆ. ಈಗ ತೆಗೆಯುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

"ಅದು ಚಾಯ್ಸಲ್ಲಿ ಬಿಡೋ ಪಾಠ ಕಣೇ. ಮೊದಲು ಪರೀಕ್ಷೆ ಮುಗಿಸು, ರಜದಲ್ಲಿ ಕೂತು ಓದೋಣ."

ಪಿಯು ಪರೀಕ್ಷೆಯ ಫ್ರೆಂಚಿನಲ್ಲಿ ಚೆಲುವಾಂಬೆ ತೊಂಬತ್ತೇಳು ತೆಗೆದಳು. ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದಳು. "ಈಗ ಹೇಳ್ಕೊಡ್ತೀರಾ ಮಿಸ್?" ಮಿಸ್ಸಿಗೆ ಆಗ ಪೂರಕ ಪರೀಕ್ಷೆಯ ಪೇಪರ್ ತಿದ್ದುವ ಕೆಲಸ. "ಜೂನಿಗೆ ಬಾ." ಜೂನಿಗೆ ಬಂದಳು. ಅಡ್ಮಿಷನ್ ಗಲಾಟೆ. "ದಸರಾ ರಜ ಇದೆಯಲ್ಲ." ಮಿಸ್ ಸುಳ್ಳು ಹೇಳುತ್ತಿರಲಿಲ್ಲ. ನಾಳೆ ಎನ್ನುವುದು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ನಂಬಿದ್ದರು. ಒಳ್ಳೆಯವರು ಮಾಡುವ ತಪ್ಪೆಲ್ಲ ಹೆಚ್ಚಾಗಿ ಇಂಥದ್ದೇ.

ದಸರಾಕ್ಕೆ ಮುಂಚೆ ಅವಳ ತಂದೆ ಡ್ಯೂಟಿಯಲ್ಲಿದ್ದಾಗಲೇ ಎದೆನೋವು ಬಂದು ತೀರಿಕೊಂಡರು. ಅವರ ಬದಲಿಗೆ ಮಗಳಿಗೆ ನೌಕರಿ ಕೊಟ್ಟರು. ಡಿಗ್ರಿ ಓದು ಅಲ್ಲಿಗೆ ನಿಂತಿತು. ಕೆಲಸಕ್ಕೆ ಸೇರುವ ಹಿಂದಿನ ದಿನ ಅವಳು ಕಾಲೇಜಿಗೆ ಬಂದು, ಆ ರಟ್ಟಿಲ್ಲದ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಇನ್ನು ನಂಗೆ ಪುರುಸೊತ್ತೆಲ್ಲಿ ಮಿಸ್. ನೀವಾದ್ರೂ ಓದಿ."

ಅಳಲಿಲ್ಲ, ದೂರಲಿಲ್ಲ. ನಮಸ್ಕಾರ ಮಾಡಿ ಹೋದಳು. ಮಿಸ್ ಆ ಪುಸ್ತಕವನ್ನೂ ನನ್ನನ್ನೂ ಮನೆಗೆ ತಂದರು.

ಆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಮಿಸ್ ಪುಸ್ತಕ ಹಿಡಿದರು. ಮೊದಲ ಸಾಲಿಗೇ ಸಿಕ್ಕಿಬಿದ್ದರು. ಹೆಂಗಸು, ಬುಟ್ಟಿ, ಕೋಳಿ ಎಲ್ಲ ತಿಳಿಯಿತು. ಇಷ್ಟು ವರ್ಷ ಮಕ್ಕಳಿಂದ ಬಿಡಿಸಿದ ಪಾಠ ಅವರ ಕೈಯನ್ನೂ ಬಿಟ್ಟು ಹೋಗಿತ್ತು. ಎದ್ದು ಬಂದು ನನ್ನನ್ನು ತೆಗೆದುಕೊಂಡರು, ಅಡುಗೆಮನೆಯ ಚಾಕುವಿನ ತುದಿಯಿಂದ ಪಿನ್ನು ಎಬ್ಬಿಸಿದರು. ತುಕ್ಕು ಹಿಡಿದ ಪಿನ್ನುಗಳು ಅಂಚನ್ನು ಹರಿದುಕೊಂಡೇ ಹೊರಬಂದವು. ಮತ್ತೆ ಮಗ್ಗಿ ಶುರುವಾಯಿತು. ಈ ಸಲ ಮನೆಯಲ್ಲಿ ಒಬ್ಬರದೇ ದನಿ.

ಆ ಕಾದಂಬರಿಗೆ ಎಂಟು ತಿಂಗಳು ಹಿಡಿಯಿತು. ಮುಗಿದ ಮರುದಿನವೇ ಮಿಸ್ ಅದನ್ನೂ ನನ್ನನ್ನೂ ಬಟ್ಟೆ ಚೀಲಕ್ಕೆ ಹಾಕಿಕೊಂಡು ಸಿಟಿ ಬಸ್ ಸ್ಟ್ಯಾಂಡಿಗೆ ಹೋದರು. ಚೆಲುವಾಂಬೆ ಬಸ್ ಪಾಸಿನ ಕೌಂಟರಿನಲ್ಲಿ ಕೂತು ಮಕ್ಕಳ ಪಾಸಿಗೆ ಫೋಟೋ ಅಂಟಿಸುತ್ತಿದ್ದಳು. ಎದುರಿಗೆ ಬಾಲದಂಥ ಸಾಲು.

"ಚೆಲುವಿ, ಓದಿ ಮುಗಿಸಿದೆ. ಬಾ, ನಿನಗೂ ಹೇಳ್ಕೊಡ್ತೀನಿ. ಭಾನುವಾರ ಬಾ."

"ಭಾನುವಾರ ಬಟ್ಟೆ ಒಗೀಬೇಕು, ತಮ್ಮಂದಿರಿಗೆ ಅಡಿಗೆ ಮಾಡ್ಬೇಕು ಮಿಸ್" ಎಂದು ಅವಳು ನಕ್ಕಳು. "ಕತೆ ಮಾತ್ರ ಹೇಳಿ. ಏನು ಮಾಡಿದ್ಲು ಆ ಹೆಂಗಸು?"

ಮಿಸ್ ಕಿಂಡಿಯ ಹತ್ತಿರ ಬಗ್ಗಿ ಕನ್ನಡದಲ್ಲೇ ಹೇಳಿದರು. ಜಗಳವಾಡಿ ದೂರವಾಗಿದ್ದ ಅಕ್ಕನಿಗೆ ಕೊಡಲು ಆ ಹೆಂಗಸು ಕೋಳಿ ತಂದಿದ್ದಳು. ಮನೆಗೆ ಬೀಗ. ಕೋಳಿಯನ್ನು ಜಗಲಿಯ ಕಂಬಕ್ಕೆ ಕಟ್ಟಿ ಹಿಂತಿರುಗಿದಳು. ಅಕ್ಕ ಸಿಗಲೇ ಇಲ್ಲ.

ಚೆಲುವಾಂಬೆ ಅಂಟಿನ ಬೆರಳು ಎತ್ತಿಕೊಂಡೇ ಕೇಳಿದಳು. "ಇಷ್ಟೇನಾ? ನಂದೇ ಚೆನ್ನಾಗಿತ್ತು ಬಿಡಿ."

"ನಿಂದು ಯಾವುದೇ?"

"ಓದೋಕೆ ಬರಲಿಲ್ವಲ್ಲ, ನಾನೇ ಕಟ್ಕೊಂಡೆ. ನನ್ನ ಕತೇಲಿ ಕೋಳಿ ಅವಳದಲ್ಲ ಮಿಸ್, ಯಾರೋ ಬಸ್ಸಲ್ಲಿ ಬಿಟ್ಟು ಹೋಗಿದ್ದು. ಕಂಡಕ್ಟರ್ ಮಗಳಿಗೆ ಇನ್ನೇನು ಹೊಳೆಯುತ್ತೆ! ಇವಳು ಬುಟ್ಟಿ ಹೊತ್ಕೊಂಡು, 'ಯಾರದಮ್ಮ ಈ ಕೋಳಿ' ಅಂತ ಊರೂರು ಕೇಳ್ತಾಳೆ. ಒಬ್ಳು ನಂದು ಅಂತಾಳೆ. ಆದ್ರೆ ಕೋಳಿ ಅವಳ ಹತ್ರ ಹೋಗಲ್ಲ..."

"ಆಮೇಲೆ?" ಅಂದರು ಮಿಸ್.

"ಏನ್ರೀ ಮೇಡಂ, ಕೋಳಿ ವ್ಯಾಪಾರ ಆಮೇಲೆ ಮಾಡ್ಕೊಳಿ, ನಮ್ಮ ಪಾಸ್ ಕೊಡಿ!" ಎಂದು ಸಾಲಿನಿಂದ ಯಾರೋ ಕೂಗಿದರು.

"ಉಳಿದದ್ದು ಇನ್ನೊಂದಿನ ಹೇಳ್ತೀನಿ ಮಿಸ್" ಎಂದು ಅವಳು ಮುಂದಿನ ಫೋಟೋ ತೆಗೆದುಕೊಂಡಳು.

ತಿಂಗಳು ಕಳೆದು ಮಿಸ್ ಹೋದಾಗ ಕೌಂಟರಿನಲ್ಲಿ ಬೇರೆ ಯಾರೋ ಇದ್ದರು. ಚೆಲುವಾಂಬೆಗೆ ಚಾಮರಾಜನಗರಕ್ಕೆ ವರ್ಗವಾಗಿತ್ತು.

ಈಗ ನಾನು ಮಿಸ್ಸಿನ ಬೀರುವಿನಲ್ಲಿ ಸೀರೆಗಳ ಮೇಲಿದ್ದೇನೆ. ಅವರು ನಿವೃತ್ತರಾಗಿದ್ದಾರೆ. ನನ್ನ ಕೊನೆಯ ಹಾಳೆಗಳಲ್ಲಿ ಚೆಲುವಾಂಬೆಯ ಕತೆಯನ್ನು ಕೇಳಿದಷ್ಟು ಬರೆದಿಟ್ಟಿದ್ದಾರೆ. ಕೋಳಿ ನಂದು ಅಂದವಳ ಹತ್ತಿರ ಅದು ಹೋಗಲಿಲ್ಲ ಎನ್ನುವಲ್ಲಿಗೆ ಬರಹ ನಿಂತಿದೆ. ಮುಂದಿನದನ್ನು ತಾವೇ ಕಟ್ಟಬಹುದಿತ್ತು. ಒಂದೆರಡು ಸಲ ಪೆನ್ನು ಹಿಡಿದರು, ಮುಚ್ಚಿಟ್ಟರು. ಚಾಮರಾಜನಗರ ದೂರವೇನಲ್ಲ, ಬೆಳಿಗ್ಗೆ ಹೊರಟರೆ ಸಂಜೆಗೆ ಬಂದುಬಿಡಬಹುದು. ಹೋಗಿ ಕೇಳಬೇಕು ಎಂದು ಮಿಸ್ ಆಗಾಗ ಅನ್ನುತ್ತಾರೆ. ಬೇಸಿಗೆ ಕಳೀಲಿ ಅಂದರು. ಮಳೆ ನಿಲ್ಲಲಿ ಅಂದರು. ಮೊನ್ನೆ ಬೀರು ತೆರೆದು, ನನ್ನ ಮೇಲೆ ಕೈಯಿಟ್ಟು, ಮಂಡಿನೋವು ಸ್ವಲ್ಪ ಕಡಿಮೆಯಾಗಲಿ ಅಂದರು.

ಇವತ್ತೇ ಹೊರಡಿ ಎನ್ನಲು ನನಗೆ ಬಾಯಿಲ್ಲ.